ಒಬ್ಬರ ರಜೆ, ಇನ್ನೊಬ್ಬರ ಡಬಲ್ ಡ್ಯೂಟಿ

ತಿಂಗಳ ಕೊನೆಯ ವಾರ ಬಂತೆಂದರೆ ಆಸ್ಪತ್ರೆಯ ವಾರ್ಡುಗಳಲ್ಲಿ ನರ್ಸ್‌ಗಳ ಕಣ್ಣೆಲ್ಲ ಒಂದು ಹಾಳೆಯ ಮೇಲೆ. ಅದು ಮುಂದಿನ ತಿಂಗಳ ಡ್ಯೂಟಿ ಚಾರ್ಟ್. ಯಾರಿಗೆ ಮಾರ್ನಿಂಗ್, ಯಾರಿಗೆ ನೈಟ್, ಯಾರ ವೀಕ್ ಆಫ್ ಯಾವತ್ತು ಎಂಬುದೆಲ್ಲ ಅದರ ಚೌಕಗಳಲ್ಲಿ ಬರೆದಾಗಿರುತ್ತದೆ. ತಂಗಿಯ ಮದುವೆ, ಮಗನ ಪರೀಕ್ಷೆ, ಊರ ಜಾತ್ರೆ, ಮನೆಯ ಕ್ರಿಸ್‌ಮಸ್ ಎಲ್ಲವೂ ಆ ಪುಟ್ಟ ಚೌಕಗಳಲ್ಲಿ ಸಿ.ಎಲ್. (ಸಾಂದರ್ಭಿಕ ರಜೆ) ಅಥವಾ ಇ.ಎಲ್. (ಗಳಿಕೆ ರಜೆ) ಆಗಿ ಕೂರಬೇಕು. ಜಾಗ ಸಾಲದಿದ್ದರೆ ವಾರ್ಡ್ ಸಿಸ್ಟರ್ ರಜೆ ಅರ್ಜಿಯಿಂದ ತಲೆಯೆತ್ತಿ ಕೇಳುವ ಪ್ರಶ್ನೆ ಒಂದೇ: ‘ನಿನ್ನ ಬದಲಿಗೆ ಯಾರು ಬರ್ತಾರಮ್ಮ?’

ಬದಲಿಗೆ ಬರುವವಳನ್ನು ರಜೆ ಕೇಳಿದವಳೇ ಹುಡುಕಿಕೊಂಡು ಬರಬೇಕು ಎಂಬುದು ಬಹಳ ಆಸ್ಪತ್ರೆಗಳಲ್ಲಿ ಬರೆಯದ ಕಾನೂನು. ಹಾಗಾಗಿ ಜಗಳ ಹತ್ತುವುದೂ ಅವರವರ ನಡುವೆಯೇ. ಸಿಸ್ಟರ್ ತನಗೆ ಬೇಕಾದವರಿಗೆ ಕೊಡುತ್ತಾರೆ, ಸೀನಿಯರ್‌ಗಳಿಗೆ ಹಬ್ಬವೆಲ್ಲ ರಜೆ, ಹೊಸಬರಿಗೆ ಬರೀ ನೈಟ್ ಎಂಬ ದೂರುಗಳಿಗೆ ಕೊನೆಯಿಲ್ಲ. ದೂರುಗಳಲ್ಲಿ ನಿಜವೂ ಇರುತ್ತದೆ. ಆದರೆ ನರ್ಸ್‌ಗಳ ರಜೆಯ ಚರಿತ್ರೆಯನ್ನು ಹಿಂದಿನಿಂದ ಓದಿಕೊಂಡು ಬಂದರೆ ಬೇರೆಯೇ ಒಂದು ಸಂಗತಿ ಗೋಚರಿಸುತ್ತದೆ. ರಜೆಯ ನ್ಯಾಯ ಅನ್ಯಾಯ ಬಹುಪಾಲು ತೀರ್ಮಾನವಾಗಿರುವುದು ವಾರ್ಡಿನಲ್ಲಲ್ಲ, ಎಷ್ಟು ಹುದ್ದೆ ಬೇಕೆಂದು ಲೆಕ್ಕ ಹಾಕಿದ ಮೇಜಿನಲ್ಲಿ. ಅದೂ ಅರ್ಜಿ ಬರೆಯುವ ಎಷ್ಟೋ ವರ್ಷ ಮೊದಲೇ.

ಭಾರತದ ಸರ್ಕಾರಿ ನೌಕರರ ರಜೆಗೆ ತಳಪಾಯ ಹಾಕಿದ್ದು 1922ರ ಜನವರಿ 1ರಂದು ಜಾರಿಗೆ ಬಂದ ಮೂಲ ನಿಯಮಗಳು, ಅಂದರೆ ಫಂಡಮೆಂಟಲ್ ರೂಲ್ಸ್. ಅದರ 67ನೆಯ ನಿಯಮ ಒಂದೇ ಏಟಿಗೆ ವಿಷಯ ಮುಗಿಸುತ್ತದೆ: ರಜೆಯನ್ನು ಹಕ್ಕೆಂದು ಕೇಳುವಂತಿಲ್ಲ, ಸಾರ್ವಜನಿಕ ಸೇವೆಗೆ ಅಗತ್ಯ ಬಿದ್ದರೆ ಮೇಲಧಿಕಾರಿ ರಜೆ ನಿರಾಕರಿಸಬಹುದು, ಕೊಟ್ಟ ರಜೆಯನ್ನೂ ಹಿಂದಕ್ಕೆ ಪಡೆಯಬಹುದು. ಕೇಂದ್ರ ಸರ್ಕಾರ 1972ರಲ್ಲಿ ಹೊಸದಾಗಿ ರಜೆ ನಿಯಮಗಳನ್ನು ಮಾಡಿದಾಗಲೂ ಈ ಮಾತು ಉಳಿಯಿತು. ರಾಜ್ಯಗಳ ಸೇವಾ ನಿಯಮಗಳಲ್ಲೂ ಇದರದೇ ನೆರಳು. ಮೂವತ್ತು ದಿನ ಗಳಿಕೆ ರಜೆ ಖಾತೆಯಲ್ಲಿರುವ ನರ್ಸ್‌ಗೆ ಮೂರು ದಿನ ಸಿಗದೆ ಹೋದರೆ, ಕೊಡದವರು ನಿಯಮ ಮೀರಿದರೆಂದು ಹೇಳುವುದು ಕಷ್ಟ.

ಇದೇ ಆಡಳಿತ ವ್ಯವಸ್ಥೆ ತನ್ನ ಮೇಲಿನ ಅಧಿಕಾರಿಗಳ ವಿಷಯದಲ್ಲಿ ಮಾತ್ರ ಎಚ್ಚರ ತಪ್ಪಲಿಲ್ಲ. ಸಿವಿಲ್ ಸರ್ವಿಸ್‌ನ ಬಿಳಿಯ ಅಧಿಕಾರಿ ಫರ್ಲೋ ಎಂಬ ದೀರ್ಘ ರಜೆ ಪಡೆದು ಹಡಗೇರಿ ತಾಯ್ನಾಡಿಗೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಅವನಿಲ್ಲದಾಗ ಜಿಲ್ಲೆ ನಿಲ್ಲಬಾರದಲ್ಲ! ಅದಕ್ಕಾಗಿ ಕೇಡರಿನ ಒಟ್ಟು ಸಂಖ್ಯೆ ನಿಗದಿ ಮಾಡುವಾಗಲೇ ರಜೆಯಲ್ಲಿರುವವರ ಲೆಕ್ಕವನ್ನೂ ಸೇರಿಸುವ ಪದ್ಧತಿ ಬಂತು. ಅದರ ಹೆಸರು ಲೀವ್ ರಿಸರ್ವ್. ಇವತ್ತಿಗೂ ಐಎಎಸ್ ಅಧಿಕಾರಿಗಳ ಸಂಖ್ಯೆ ನಿಗದಿಯಾಗುವಾಗ ಹಿರಿಯ ಹುದ್ದೆಗಳ ಶೇ 16.5ರಷ್ಟನ್ನು ರಜೆಯ ಮತ್ತು ಕಿರಿಯ ಹುದ್ದೆಗಳ ಮೀಸಲೆಂದು ಸೇರಿಸುತ್ತಾರೆ. ಅಧಿಕಾರಿ ರಜೆ ಹಾಕುವಾಗ ‘ಬದಲಿಗೆ ಯಾರು’ ಎಂದು ಹುಡುಕುತ್ತಾ ಅಲೆಯಬೇಕಿಲ್ಲ. ಅದಕ್ಕೆ ಉತ್ತರ ಮೊದಲೇ ಸಂಖ್ಯೆಯೊಳಗೆ ಕೂತಿದೆ.

ನರ್ಸ್‌ಗಳ ಕಥೆ ಶುರುವಾದದ್ದು ಬೇರೆ ದಾರಿಯಲ್ಲಿ.

ನಮ್ಮ ಕಡೆಯ ಹಳೆಯ ಆಸ್ಪತ್ರೆಗಳನ್ನೇ ನೋಡಬಹುದು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಆರಂಭಿಸಿದ ಔಷಧ ಸೇವೆ ಆಸ್ಪತ್ರೆಯಾಗಿ ಬೆಳೆಯಿತು. ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಸನ್ಯಾಸಿನಿಯರು 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆ ಕಟ್ಟಿದರು. ಮೈಸೂರಿನಲ್ಲಿ 1906ರಲ್ಲಿ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆ ಬಂತು. ಇಂಥ ಕಡೆಗಳಲ್ಲಿ ಶುಶ್ರೂಷೆಯ ಭಾರ ಹೊತ್ತವರಲ್ಲಿ ವ್ರತ ತೊಟ್ಟವರು, ಧರ್ಮಸೇವೆಗೆಂದು ಬಂದವರು ಬಹಳ. ಮದುವೆಯಿಲ್ಲ, ಮಕ್ಕಳಿಲ್ಲ, ಕಾನ್ವೆಂಟೇ ಮನೆ. ವರ್ಷಕ್ಕೆ ಇಷ್ಟು ದಿನ ಊರಿಗೆ ಹೋಗಬೇಕೆಂಬ ಕೋರಿಕೆಯೇ ಏಳದ ಬದುಕು ಅದು. ಅವರ ತ್ಯಾಗ ದೊಡ್ಡದು. ಆದರೆ ಅದೇ ತ್ಯಾಗ ಮುಂದೆ ಸಂಬಳಕ್ಕೆ ದುಡಿಯಲು ಬಂದ, ಮನೆಮಠವಿದ್ದ ಹೆಣ್ಣುಮಕ್ಕಳನ್ನೂ ಅಳೆಯುವ ಕೋಲಾಯಿತು.

ಸೈನ್ಯದಲ್ಲೂ ಆರಂಭ ಬಹಳ ಸಣ್ಣದು. 1888ರಲ್ಲಿ ಇಂಗ್ಲೆಂಡಿನಿಂದ ತರಬೇತಾದ ಹತ್ತು ನರ್ಸ್‌ಗಳು ಬಾಂಬೆಯಲ್ಲಿ ಹಡಗಿಳಿದರು. ಬ್ರಿಟಿಷ್ ಇಂಡಿಯಾದ ಮಿಲಿಟರಿ ಆಸ್ಪತ್ರೆಗಳ ಶುಶ್ರೂಷೆಯನ್ನು ಸುಧಾರಿಸುವ ಹೊಣೆ ಈ ಹತ್ತು ಮಂದಿಯದು. ಅವರಲ್ಲೊಬ್ಬರಾದ ಕ್ಯಾಥರೀನ್ ಗ್ರೇಸ್ ಲಾಕ್ ಅವರ ತಂಡ ರಾವಲ್ಪಿಂಡಿಗೆ ಹೋಯಿತು, ಇನ್ನೊಂದು ತಂಡ ಬೆಂಗಳೂರಿನ ದಂಡು ಪ್ರದೇಶಕ್ಕೆ ಬಂತು. ಒಂದು ಊರಿಗೆ ಬೆರಳೆಣಿಕೆಯ ನರ್ಸ್‌ಗಳಿರುವಾಗ ಅವರಲ್ಲಿ ಒಬ್ಬರು ಜ್ವರದಿಂದ ಮಲಗಿದರೂ ಉಳಿದವರ ರಾತ್ರಿ ಉದ್ದವಾಗುತ್ತಿತ್ತು. ಮುಂದೆ 1908ರಲ್ಲಿ ಭಾರತದ ತರಬೇತಾದ ನರ್ಸ್‌ಗಳ ಸಂಘ, ಅಂದರೆ ಟಿಎನ್‌ಎಐ, ಹುಟ್ಟಿ ವೃತ್ತಿಗೊಂದು ದನಿ ಬಂದರೂ ಜನ ಸಾಲದೆಂಬ ಕೊರಗು ಮಾತ್ರ ಹೋಗಲಿಲ್ಲ.

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ, ವಾಣಿ ವಿಲಾಸ 1935ರಲ್ಲಿ ತೆರೆದವು. ದೊಡ್ಡ ಆಸ್ಪತ್ರೆ ಬಂದಲ್ಲೆಲ್ಲ ಆವರಣದಲ್ಲೇ ನರ್ಸ್‌ಗಳ ವಸತಿ ಇರಬೇಕೆಂಬುದು ಆ ಕಾಲದ ತಿಳಿವಳಿಕೆ. ಹೆಣ್ಣುಮಕ್ಕಳ ಸುರಕ್ಷತೆಗೆ ಅದು ಬೇಕಿತ್ತು. ಆಡಳಿತಕ್ಕೂ ಅದರಿಂದ ಅನುಕೂಲವಾಯಿತು. ಬ್ರೋಕನ್ ಶಿಫ್ಟ್ ಎಂಬ ಪದ್ಧತಿ ನಡೆದದ್ದು ಈ ವಸತಿಯ ಬಲದ ಮೇಲೆ. ಬೆಳಿಗ್ಗೆ ಕೆಲವು ಗಂಟೆ ಡ್ಯೂಟಿ, ಮಧ್ಯಾಹ್ನ ಬಿಡುವು, ಸಂಜೆ ಮತ್ತೆ ಡ್ಯೂಟಿ. ಲೆಕ್ಕಕ್ಕೆ ಎಂಟೇ ಗಂಟೆ, ಆದರೆ ಇಡೀ ದಿನ ಆಸ್ಪತ್ರೆಗೆ ಕಟ್ಟಿಹಾಕಿದಂತೆ. ಬಸ್ ಹತ್ತಿ ಮನೆಗೆ ಹೋಗಿ ಬರಲಾಗದ ಆ ನಡುವಿನ ಬಿಡುವು ನರ್ಸ್‌ಗೆ ದಕ್ಕಿದ್ದಕ್ಕಿಂತ ಡ್ಯೂಟಿ ಚಾರ್ಟಿಗೆ ದಕ್ಕಿದ್ದೇ ಹೆಚ್ಚು. ಬೆಳಗಿನ ಮತ್ತು ಸಂಜೆಯ ಗದ್ದಲಕ್ಕೆ ಅದದೇ ಜನರನ್ನು ಎರಡು ಸಲ ಬಳಸಿಕೊಳ್ಳಬಹುದಿತ್ತು.

ನರ್ಸ್‌ಗಳು ಮದುವೆಯಾಗಬಾರದೆಂಬ ನಿರ್ಬಂಧವನ್ನೂ ಇದೇ ಸಾಲಿನಲ್ಲಿಟ್ಟು ನೋಡಬೇಕು. ಬಾಣಂತನದ ರಜೆ, ಮಕ್ಕಳ ಕಾಯಿಲೆಯ ರಜೆ ಬೇಡವೆಂದರೆ ಮದುವೆಯನ್ನೇ ಬೇಡವೆನ್ನುವುದು ಸುಲಭದ ದಾರಿ. ಇದು ಬ್ರಿಟಿಷರ ಕಾಲಕ್ಕೆ ಮುಗಿದ ಕಥೆಯಲ್ಲ. ಮಿಲಿಟರಿ ನರ್ಸಿಂಗ್ ಸೇವೆಯಲ್ಲಿ ಮದುವೆಯಾದವರನ್ನು ಕೆಲಸದಿಂದ ತೆಗೆಯಲು ಅವಕಾಶವಿದ್ದ 1977ರ ಸೂಚನೆಯೊಂದನ್ನು ಹಿಂದಕ್ಕೆ ಪಡೆದದ್ದು 1995ರಲ್ಲಿ. 1988ರಲ್ಲಿ ಹಾಗೆ ಕೆಲಸ ಕಳೆದುಕೊಂಡ ಅಧಿಕಾರಿಯೊಬ್ಬರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಫೆಬ್ರುವರಿಯಲ್ಲಿ.

ಇಂಗ್ಲೆಂಡಿನಲ್ಲೂ ನರ್ಸ್‌ಗಳ ಬಿಡುವು ಸುಮ್ಮನೆ ಬರಲಿಲ್ಲ. 1930ರ ದಶಕದ ಕೊನೆಗೆ ಲಂಡನ್ನಿನ ಬೀದಿಗಳಲ್ಲಿ ನರ್ಸ್‌ಗಳು ಮುಖವಾಡ ಧರಿಸಿ ಮೆರವಣಿಗೆ ಹೋದರು. ಗುರುತು ಸಿಕ್ಕರೆ ಮೇಟ್ರನ್ ಕೆಲಸದಿಂದ ತೆಗೆದಾಳೆಂಬ ಭಯ. ಕೆಲಸದ ಅವಧಿ ಇಳಿಸಬೇಕೆಂಬುದು ಅವರ ಬೇಡಿಕೆ. ಯುದ್ಧ ಬಂದು ನರ್ಸ್‌ಗಳ ಕೊರತೆ ಉಲ್ಬಣಿಸಿದಾಗ ಸರ್ಕಾರ 1941ರಲ್ಲಿ ಲಾರ್ಡ್ ರಷ್‌ಕ್ಲಿಫ್ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು. 1943ರಲ್ಲಿ ಬಂದ ಅದರ ವರದಿ ಎರಡು ವಾರಕ್ಕೆ 96 ಗಂಟೆ ಕೆಲಸ, ವಾರಕ್ಕೊಂದು ಪೂರ್ತಿ ದಿನದ ಬಿಡುವು, ವರ್ಷಕ್ಕೆ 28 ದಿನ ಸಂಬಳಸಹಿತ ರಜೆ ಎಂದು ಶಿಫಾರಸು ಮಾಡಿತು. ಸಂಬಳ ಏರಿಕೆಯಿಂದ ಹೆಚ್ಚುವ ಖರ್ಚಿನ ಅರ್ಧ ಭಾಗವನ್ನು ತಾನು ಭರಿಸುವುದಾಗಿ ಸರ್ಕಾರ ಒಪ್ಪಿಕೊಂಡಿತು. ಜನ ಕಡಿಮೆಯಿದ್ದಾರೆಂದು ರಜೆ ಕಡಿಮೆ ಮಾಡುವುದು ಒಂದು ತರ್ಕ. ರಜೆಯಿಲ್ಲದ ಕೆಲಸಕ್ಕೆ ಜನ ಬರುವುದಿಲ್ಲ ಎನ್ನುವುದು ಇನ್ನೊಂದು. ಯುದ್ಧದ ನಡುವೆಯೂ ಬ್ರಿಟನ್ ಎರಡನೆಯದನ್ನು ಹಿಡಿಯಿತು.

ಅದೇ ವರ್ಷ, 1943ರಲ್ಲಿ, ಭಾರತದಲ್ಲಿ ಸರ್ ಜೋಸೆಫ್ ಭೋರ್ ಅಧ್ಯಕ್ಷತೆಯ ಆರೋಗ್ಯ ಸಮೀಕ್ಷಾ ಸಮಿತಿ ಕೆಲಸ ಶುರುಮಾಡಿತು. 1946ರ ಅದರ ವರದಿಯಲ್ಲಿದ್ದ ಅಂಕಿ ಗಾಬರಿ ಹುಟ್ಟಿಸುವಂಥದ್ದು: ಇಡೀ ಬ್ರಿಟಿಷ್ ಇಂಡಿಯಾಕ್ಕೆ ಸುಮಾರು 7,000 ನರ್ಸ್‌ಗಳು, ಅಂದರೆ 43,000 ಜನರಿಗೆ ಒಬ್ಬರು. ಡಾಕ್ಟರುಗಳ ಸಂಖ್ಯೆ ಇದರ ಆರು ಪಟ್ಟಿಗೂ ಹೆಚ್ಚು. ನರ್ಸ್‌ಗಳು ದುಡಿಯುವ ಸ್ಥಿತಿ ಶೋಚನೀಯವಾಗಿದೆ ಎಂದು ಸಮಿತಿ ಮುಚ್ಚುಮರೆಯಿಲ್ಲದೆ ಬರೆಯಿತು. ದೇಶ ಸ್ವತಂತ್ರವಾದ ವರ್ಷವೇ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬಂತು. ತರಬೇತಿ, ನೋಂದಣಿ, ಪಠ್ಯಕ್ರಮ ಒಂದು ಹದಕ್ಕೆ ಬಂದವು. ಆದರೆ ಸೇವಾ ಸ್ಥಿತಿಗತಿ ಆಯಾ ಸರ್ಕಾರದ, ಆಯಾ ಆಡಳಿತ ಮಂಡಳಿಯ ಮರ್ಜಿಗೇ ಉಳಿಯಿತು.

ಅದನ್ನು ನೋಡಲೆಂದೇ 1954ರಲ್ಲಿ ಒಂದು ಸಮಿತಿ ಕೂತಿತು. ನರ್ಸ್‌ಗಳ ಸಂಬಳ, ವಸತಿ, ಸೇವಾ ಷರತ್ತುಗಳನ್ನು ಪರಿಶೀಲಿಸುವುದು ಅದರ ಕೆಲಸ. ಅಧ್ಯಕ್ಷರು ಮದ್ರಾಸ್ ಸರ್ಕಾರದ ಆರೋಗ್ಯ ಮಂತ್ರಿಯಾಗಿದ್ದ ಎ.ಬಿ. ಶೆಟ್ಟಿ, ಮಂಗಳೂರಿನ ಅತ್ತಾವರ ಬಾಲಕೃಷ್ಣ ಶೆಟ್ಟರು, 1931ರಲ್ಲಿ ವಿಜಯಾ ಬ್ಯಾಂಕ್ ಕಟ್ಟಿದವರು. ದಕ್ಷಿಣ ಕನ್ನಡ ಆಗಿನ್ನೂ ಮದ್ರಾಸಿಗೆ ಸೇರಿತ್ತು. ಭಾರತದ ನರ್ಸಿಂಗ್ ವಿದ್ಯಾರ್ಥಿಗಳು ಇಂದಿಗೂ ಪರೀಕ್ಷೆಗೆ ಓದುವ ಸಮಿತಿಗಳ ಪಟ್ಟಿಯಲ್ಲಿ ಭೋರ್ ಸಮಿತಿಯ ನಂತರ ಶೆಟ್ಟಿ ಸಮಿತಿಯ ಹೆಸರು ಬರುತ್ತದೆ. ಆ ಶೆಟ್ಟರು ವಿಜಯಾ ಬ್ಯಾಂಕಿನ ಶೆಟ್ಟರೇ ಎಂಬುದು ಮಂಗಳೂರಿನಲ್ಲೇ ನರ್ಸಿಂಗ್ ಓದುವ ಹುಡುಗಿಯರಲ್ಲಿ ಎಷ್ಟು ಮಂದಿಗೆ ಗೊತ್ತೋ!

ನರ್ಸ್‌ನ ಕೆಲಸ ಸೇವೆಯೋ ದುಡಿಮೆಯೋ ಎಂಬ ಪ್ರಶ್ನೆ ಕೋರ್ಟುಗಳಲ್ಲೂ ಓಲಾಡಿತು. ಆಸ್ಪತ್ರೆ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಉದ್ಯಮ ಎಂದು ಸುಪ್ರೀಂ ಕೋರ್ಟ್ 1960ರಲ್ಲಿ ಬಾಂಬೆಯ ಹಾಸ್ಪಿಟಲ್ ಮಜ್ದೂರ್ ಸಭಾ ಪ್ರಕರಣದಲ್ಲಿ ಹೇಳಿತು. 1970ರಲ್ಲಿ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯ ಪ್ರಕರಣದಲ್ಲಿ ಅಲ್ಲವೆಂದಿತು. 1978ರಲ್ಲಿ ಬೆಂಗಳೂರು ಜಲಮಂಡಳಿಯ ನೌಕರರ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಮತ್ತೆ ಹೌದೆಂದಿತು. ನೀರಿನ ಮಂಡಳಿಯ ದಂಡದ ತಗಾದೆಯಿಂದ ಹುಟ್ಟಿದ ಮೊಕದ್ದಮೆ ಹೀಗೆ ದೇಶದ ಆಸ್ಪತ್ರೆಗಳ ಬಾಗಿಲಿಗೆ ಬಂದು ನಿಂತಿತು. ಇದರಿಂದಾದ ಪ್ರಯೋಜನ ಕಾಗದದ ಮೇಲೆ ಸಣ್ಣದಲ್ಲ. ಸಂಬಳಸಹಿತ ರಜೆ, ಕೆಲಸದ ಗಂಟೆ, ಶಿಫ್ಟ್ ಬದಲಾವಣೆ ಇವುಗಳನ್ನು ಮುನ್ಸೂಚನೆ ಕೊಡದೆ ಕಾರ್ಮಿಕರಿಗೆ ಅನನುಕೂಲವಾಗುವಂತೆ ಬದಲಿಸಬಾರದೆಂದು ಆ ಕಾಯ್ದೆಯ ನಾಲ್ಕನೆಯ ಅನುಸೂಚಿ ಪಟ್ಟಿ ಮಾಡಿತ್ತು.

ಸರಿಸುಮಾರು ಆಗಲೇ, 1977ರ ಜೂನ್‌ನಲ್ಲಿ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಜಿನೀವಾದಲ್ಲಿ ನರ್ಸ್‌ಗಳಿಗೆಂದೇ 149ನೆಯ ಒಡಂಬಡಿಕೆಯನ್ನೂ ಅದರ ಜೊತೆಗೆ 157ನೆಯ ಶಿಫಾರಸನ್ನೂ ಅಂಗೀಕರಿಸಿತು. ರಜೆ, ವಾರದ ಬಿಡುವು, ಹೆರಿಗೆ ರಜೆಗಳಲ್ಲಿ ನರ್ಸ್‌ಗಳು ದೇಶದ ಬೇರೆ ಕೆಲಸಗಾರರಿಗಿಂತ ಕೀಳಾಗಬಾರದು ಎನ್ನುತ್ತದೆ ಒಡಂಬಡಿಕೆ. ಶಿಫಾರಸು ಇನ್ನೂ ಮುಂದೆ ಹೋಗುತ್ತದೆ. ನಾಲ್ಕು ವಾರಕ್ಕಿಂತ ಕಡಿಮೆ ವಾರ್ಷಿಕ ರಜೆ ಇರುವಲ್ಲಿ ಅದನ್ನು ನಾಲ್ಕು ವಾರಕ್ಕೆ ಏರಿಸಬೇಕು, ಎರಡು ಶಿಫ್ಟ್‌ಗಳ ನಡುವೆ ಹನ್ನೆರಡು ಗಂಟೆ ವಿಶ್ರಾಂತಿ ಇರಬೇಕು, ಮನೆಯ ಬದುಕನ್ನು ಹೊಂದಿಸಿಕೊಳ್ಳಲಾಗುವಷ್ಟು ಮೊದಲೇ ಡ್ಯೂಟಿ ಚಾರ್ಟ್ ಕೈಗೆ ಸಿಗಬೇಕು. ಅದರಲ್ಲೊಂದು ವಾಕ್ಯ ವಿಶೇಷವಾದದ್ದು: ರಜೆಗೆ ನರ್ಸ್‌ಗಳು ಅರ್ಹರು ಮಾತ್ರವಲ್ಲ, ಅವರು ಅದನ್ನು ತೆಗೆದುಕೊಳ್ಳಲೇಬೇಕು. ಭಾರತ ಈ ಒಡಂಬಡಿಕೆಯನ್ನು ಸ್ಥಿರೀಕರಿಸಿಲ್ಲ. ನಮ್ಮ ಸರ್ಕಾರಿ ಪದ್ಧತಿಯಲ್ಲಿ ತೆಗೆದುಕೊಳ್ಳದ ಗಳಿಕೆ ರಜೆ 300 ದಿನದವರೆಗೆ ಖಾತೆಯಲ್ಲಿ ಬೆಳೆಯುತ್ತದೆ, ನಿವೃತ್ತಿಯಲ್ಲಿ ಹಣವಾಗುತ್ತದೆ, ಅದನ್ನು ಮೀರಿದ್ದು ಕೈಬಿಟ್ಟು ಹೋಗುತ್ತದೆ. ಹಣ ಬರುತ್ತದೆ, ನಿಜ. ಮಗಳು ಹತ್ತನೇ ಕ್ಲಾಸಿನಲ್ಲಿದ್ದಾಗ ಬೇಕಿದ್ದ ಹದಿನೈದು ದಿನ ಬರುವುದಿಲ್ಲ.

ಕೇಂದ್ರ ಸರ್ಕಾರ 1987ರಲ್ಲಿ ನೇಮಿಸಿದ ಉನ್ನತಾಧಿಕಾರ ಸಮಿತಿ ದೇಶದ ನರ್ಸಿಂಗ್ ಸ್ಥಿತಿಯನ್ನು ಸುತ್ತಿ ನೋಡಿ ಎರಡು ವರ್ಷದ ನಂತರ ವರದಿ ಕೊಟ್ಟಿತು. ವಾರಕ್ಕೆ 40 ಗಂಟೆ ಕೆಲಸ, ಎಲ್ಲ ರಾಜ್ಯಗಳಲ್ಲೂ ನಡುವೆ ಒಡೆಯದ ಸ್ಟ್ರೇಟ್ ಶಿಫ್ಟ್, ಹೆಚ್ಚುವರಿ ಗಂಟೆಗಳಿಗೆ ರಜೆ ಅಥವಾ ಹಣ, ವಾರದ ಬಿಡುವು, ಗೆಜೆಟೆಡ್ ರಜೆಗಳು ಎಂಬುದು ಅದರ ಶಿಫಾರಸು. ಸ್ವಾತಂತ್ರ್ಯ ಬಂದು ನಾಲ್ಕು ದಶಕ ಕಳೆದ ಮೇಲೂ ವಾರಕ್ಕೊಂದು ದಿನ ಬಿಡುವು ಕೊಡಿ ಎಂದು ಸಮಿತಿಯೊಂದು ಬರೆಯಬೇಕಾಯಿತೆಂದರೆ ಆಗಿನ ವಾರ್ಡುಗಳು ಹೇಗಿದ್ದವೆಂದು ಊಹಿಸಿಕೊಳ್ಳಬಹುದು.

ಆ ನಂತರ 1990ರ ದಶಕದ ಆರಂಭದಲ್ಲಿ ಹಣಕಾಸು ಇಲಾಖೆಯ ಸಿಬ್ಬಂದಿ ಪರಿಶೀಲನಾ ಘಟಕ, ಅಂದರೆ ಎಸ್‌ಐಯು, ಕೇಂದ್ರದ ಆಸ್ಪತ್ರೆಗಳಿಗೆ ಮಾನದಂಡ ರೂಪಿಸಿತು. ಸಾಮಾನ್ಯ ವಾರ್ಡಿನಲ್ಲಿ ಆರು ಹಾಸಿಗೆಗೆ ಒಬ್ಬ ನರ್ಸ್. ಆಸ್ಪತ್ರೆ ವರ್ಷದ 365 ದಿನವೂ ನಡೆಯಬೇಕಾದ್ದರಿಂದ ಮೇಲೆ ಶೇ 45ರಷ್ಟು ಹುದ್ದೆ ಸೇರಿಸಬೇಕು, ಶೇ 10ರ ಲೀವ್ ರಿಸರ್ವ್ ಅದರಲ್ಲೇ ಅಡಕ. ಮೂರು ಶಿಫ್ಟ್‌ನಲ್ಲಿ ದುಡಿಯುವ ನರ್ಸ್‌ಗೆ ತಿಂಗಳಿಗೆ ಎಂಟು ಆಫ್, ವರ್ಷಕ್ಕೆ ಮೂರು ರಾಷ್ಟ್ರೀಯ ರಜೆ ಎಂಬುದನ್ನೂ ಅದು ಗಣನೆಗೆ ತೆಗೆದುಕೊಂಡಿತು. ನರ್ಸಿಂಗ್ ಕೌನ್ಸಿಲ್‌ನ ಮಾನದಂಡ ಇನ್ನಷ್ಟು ಉದಾರ: ಬೋಧನಾ ಆಸ್ಪತ್ರೆಯಲ್ಲಿ ಮೂರು ಹಾಸಿಗೆಗೆ ಒಬ್ಬರು, ಇತರ ಕಡೆ ಐದಕ್ಕೆ ಒಬ್ಬರು, ಮೇಲೆ ಶೇ 30ರ ಲೀವ್ ರಿಸರ್ವ್. ಅಧಿಕಾರಿಗಳಿಗೆ ಬಹು ಹಿಂದೆಯೇ ಒದಗಿದ್ದ ಲೆಕ್ಕ ಕಡೆಗೂ ನರ್ಸ್‌ಗಳ ಕಡತಕ್ಕೆ ಬಂತು.

ಆ ಲೆಕ್ಕವನ್ನು ಒಮ್ಮೆ ಕೈಯಲ್ಲೇ ಮಾಡಿ ನೋಡಬಹುದು. ಒಂದು ವಾರ್ಡಿನಲ್ಲಿ ಹಗಲಿರುಳು ಒಬ್ಬ ನರ್ಸ್ ಇರಲೇಬೇಕೆಂದರೆ ದಿನಕ್ಕೆ ಮೂರು ಶಿಫ್ಟ್, ವರ್ಷಕ್ಕೆ 1,095 ಡ್ಯೂಟಿ. ಒಬ್ಬಳು ನರ್ಸ್‌ಗೆ ತಿಂಗಳಿಗೆ ಎಂಟರಂತೆ 96 ಆಫ್, 3 ರಾಷ್ಟ್ರೀಯ ರಜೆ, 30 ಗಳಿಕೆ ರಜೆ, ಕೇಂದ್ರದ ನಿಯಮದಂತೆ 8 ಸಾಂದರ್ಭಿಕ ರಜೆ ಕಳೆದರೆ ಉಳಿಯುವುದು 228 ದಿನ. 1,095ನ್ನು 228ರಿಂದ ಭಾಗಿಸಿದರೆ 4.8. ಒಂದು ಜಾಗ ತುಂಬಲು ಹೆಚ್ಚುಕಡಿಮೆ ಐದು ಜನ ಬೇಕು. ಮೂವರ ಮೇಲೆ ಶೇ 30 ಸೇರಿಸಿದರೆ ಸಿಗುವುದು 3.9, ಶೇ 45 ಸೇರಿಸಿದರೆ 4.35. ಕಾಯಿಲೆಯ ರಜೆ, ಹೆರಿಗೆ ರಜೆ, ತರಬೇತಿಗೆ ಹೋದವರು, ಖಾಲಿ ಬಿದ್ದ ಹುದ್ದೆ ಯಾವುದೂ ಆ 4.8ರ ಲೆಕ್ಕದಲ್ಲಿ ಸೇರಿಲ್ಲ. ಮಾನದಂಡವನ್ನು ಅಕ್ಷರಶಃ ಪಾಲಿಸಿದ ಆಸ್ಪತ್ರೆಯಲ್ಲೂ ವಾರ್ಡ್ ಸಿಸ್ಟರ್‌ಗೆ ಎಲ್ಲರಿಗೂ ಪೂರ್ತಿ ರಜೆ ಕೊಡಲಾಗದು ಎಂದಾಯಿತು. ಮಾನದಂಡವೇ ತುಂಬದ ಆಸ್ಪತ್ರೆಯ ಮಾತು ಕೇಳುವುದೇ ಬೇಡ.

ಇರುವ ರಜೆ ಸಾಲದಾದಾಗ ಹಂಚುವುದು ಹೇಗೆ? ಇದಕ್ಕೂ ಒಂದು ಚರಿತ್ರೆಯಿದೆ. ಎಲ್ಲಕ್ಕಿಂತ ಹಳೆಯದು ಸೀನಿಯಾರಿಟಿ. ಅಮೆರಿಕದ ಯೂನಿಯನ್ ಇರುವ ಆಸ್ಪತ್ರೆಗಳಲ್ಲಿ ಹಿರಿಯರು ಮೊದಲು ದಿನ ಆರಿಸಿಕೊಳ್ಳುವ ಪದ್ಧತಿ ಕರಾರಿನಲ್ಲೇ ಬರೆದಿರುತ್ತದೆ. ಮೇಲಧಿಕಾರಿಯ ಮರ್ಜಿಗೆ ಮೂಗುದಾರ ಹಾಕಲು ಅದು ಒಳ್ಳೆಯ ಉಪಾಯ, ಆದರೆ ಹೊಸಬರಿಗೆ ವರ್ಷಗಟ್ಟಲೆ ಹಬ್ಬವಿಲ್ಲ. ಮೊದಲು ಬಂದವರಿಗೆ ಮೊದಲು ಎಂದರೆ ರಜೆ ಪುಸ್ತಕ ತೆರೆದ ದಿನ ನೈಟ್ ಮುಗಿಸಿ ಮಲಗಿದ್ದವಳಿಗೆ ಮೋಸ. ಕಾರಣ ನೋಡಿ ಕೊಡೋಣವೆಂದರೆ ಮದುವೆಯಾಗದವಳು ಪ್ರತಿ ಸಲವೂ ಸೋಲುತ್ತಾಳೆ. ‘ನಿಂಗೇನು, ಗಂಡ ಮಕ್ಕಳ ಗಲಾಟೆ ಇಲ್ಲವಲ್ಲ’ ಎಂಬ ಮಾತು ಕೇಳದ ಅವಿವಾಹಿತ ನರ್ಸ್ ಇರಲಿಕ್ಕಿಲ್ಲ. ನಮ್ಮಲ್ಲಿ ಸಮಿತಿಯ ಹಂಗಿಲ್ಲದೆ ತಾನಾಗಿ ಬೆಳೆದ ಒಂದು ಪದ್ಧತಿ ಹಬ್ಬಗಳ ಅದಲುಬದಲು. ಕ್ರಿಸ್‌ಮಸ್ ಇರುಳು ಹಿಂದೂ ನರ್ಸ್ ಡ್ಯೂಟಿಗೆ ನಿಲ್ಲುತ್ತಾಳೆ, ದೀಪಾವಳಿಗೆ ಕ್ರೈಸ್ತ ಗೆಳತಿ ಆ ಋಣ ತೀರಿಸುತ್ತಾಳೆ, ರಂಜಾನಿಗೆ ಇಬ್ಬರೂ ಸೇರಿ ಮೂರನೆಯವಳನ್ನು ಮನೆಗೆ ಕಳಿಸುತ್ತಾರೆ. ಕೇರಳದ ಹುಡುಗಿಯರೇ ತುಂಬಿರುವ ಬೆಂಗಳೂರು, ಮಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲಿ ಓಣಂ ಬಂದಾಗ ಮಾತ್ರ ಈ ಹೊಂದಾಣಿಕೆ ಕೈಕೊಡುತ್ತದೆ. ಬದಲಿಗೆ ಬರಬೇಕಾದವರೆಲ್ಲ ಒಂದೇ ರೈಲಿನ ಟಿಕೆಟ್ ಹುಡುಕುತ್ತಿರುತ್ತಾರೆ.

ನರ್ಸ್‌ಗಳೇ ತಮ್ಮ ಚಾರ್ಟ್ ಬರೆದುಕೊಳ್ಳಲಿ ಎಂಬ ಪ್ರಯೋಗವೂ ನಡೆಯಿತು. ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ 1960ರ ದಶಕದ ಆರಂಭದಲ್ಲೇ ಇದು ದಾಖಲಾಗಿದೆ. 1976ರಲ್ಲಿ ಗಣಿತಜ್ಞರು ಈ ತಂಟೆಗೆ ಕೈಹಾಕಿದರು. ಅಮೆರಿಕದ ‘ಆಪರೇಷನ್ಸ್ ರಿಸರ್ಚ್’ ಪತ್ರಿಕೆಯಲ್ಲಿ ಆ ವರ್ಷ ನರ್ಸ್‌ಗಳ ಡ್ಯೂಟಿ ಚಾರ್ಟಿನ ಮೇಲೆ ಎರಡು ಪ್ರಬಂಧ ಬಂದವು. ಡಿ. ಮೈಕೇಲ್ ವಾರ್ನರ್ ಅವರದರಲ್ಲಿ ನರ್ಸ್‌ಗಳು ತಮಗೆ ಯಾವುದು ಎಷ್ಟು ಒಲ್ಲದ್ದೆಂದು ಅಂಕ ಹಂಚಿ ತಿಳಿಸಬಹುದಿತ್ತು. ಮಿಲ್ಲರ್, ಪಿಯರ್‌ಸ್ಕಲ್ಲಾ ಮತ್ತು ರಾತ್ ಬರೆದ ಇನ್ನೊಂದು ಪ್ರಬಂಧ ನ್ಯಾಯದ ವಿಷಯದಲ್ಲಿ ಒಂದು ಹೆಜ್ಜೆ ಮುಂದಿತ್ತು. ಹಿಂದಿನ ತಿಂಗಳುಗಳಲ್ಲಿ ಯಾರಿಗೆ ಕೆಟ್ಟ ಚಾರ್ಟ್ ಬಂದಿತ್ತೋ ಅವರ ಅಸಮಾಧಾನಕ್ಕೆ ಈ ಸಲ ಹೆಚ್ಚು ತೂಕ. ಒಳ್ಳೆಯ ವಾರ್ಡ್ ಸಿಸ್ಟರ್ ಮನಸ್ಸಿನಲ್ಲೇ ಇಟ್ಟುಕೊಂಡಿರುವ ನೆನಪನ್ನು ಅವರು ಸಮೀಕರಣದೊಳಗೆ ಕೂರಿಸಿದ್ದರು. ಇಂದಿನ ರೋಸ್ಟರ್ ಸಾಫ್ಟ್‌ವೇರ್‌ಗಳಿಗೆ ದಾರಿ ಮಾಡಿದ ಕೆಲಸಗಳಲ್ಲಿ ಇವೂ ಸೇರಿವೆ. ಈ ಸಾಫ್ಟ್‌ವೇರ್‌ಗಳು ಪಕ್ಷಪಾತವನ್ನು ಕಡಿಮೆ ಮಾಡಬಲ್ಲವು, ಇಲ್ಲದ ಐದನೆಯ ನರ್ಸ್‌ನ್ನು ತಂದು ನಿಲ್ಲಿಸಲಾರವು.

ಆ ಇಲ್ಲದ ನರ್ಸ್‌ನ್ನು ಕಾನೂನಿನಿಂದಲೇ ತರಿಸಲು ಹೊರಟದ್ದು ಕ್ಯಾಲಿಫೋರ್ನಿಯಾ. ನರ್ಸ್‌ಗಳ ಯೂನಿಯನ್ ವರ್ಷಗಟ್ಟಲೆ ಹೋರಾಡಿದ ಮೇಲೆ 1999ರಲ್ಲಿ ಅಲ್ಲಿ ಒಂದು ಕಾಯ್ದೆ ಬಂದು 2004ರ ಜನವರಿ 1ರಿಂದ ಜಾರಿಯಾಯಿತು. ಸಾಮಾನ್ಯ ವಾರ್ಡಿನಲ್ಲಿ ಆರು ರೋಗಿಗೆ ಒಬ್ಬ ನರ್ಸ್, ಮರುವರ್ಷದಿಂದ ಐದಕ್ಕೆ ಒಬ್ಬರು. ಈ ಅನುಪಾತ ಎಲ್ಲ ಹೊತ್ತಿನಲ್ಲೂ ಇರಬೇಕೆಂಬ ಷರತ್ತು ಆಸ್ಪತ್ರೆಗಳಿಗೆ ನುಂಗಲಾರದ ತುತ್ತಾಯಿತು. ನರ್ಸ್ ಊಟಕ್ಕೆ ಎದ್ದರೂ ಅವಳ ರೋಗಿಗಳನ್ನು ನೋಡಲು ಇನ್ನೊಬ್ಬರು ಇರಲೇಬೇಕು. ಆಸ್ಪತ್ರೆಗಳ ಒಕ್ಕೂಟ ಕೋರ್ಟಿಗೆ ಹೋಗಿ ಸೋತಿತು. ಗವರ್ನರ್ ಆರ್ನಾಲ್ಡ್ ಶ್ವಾರ್ಜ್‌ನೆಗ್ಗರ್ ಐದರ ಅನುಪಾತವನ್ನು ಮುಂದೂಡಲು ಯತ್ನಿಸಿದಾಗಲೂ ಕೋರ್ಟು ಒಪ್ಪಲಿಲ್ಲ. ಬದಲಿ ನರ್ಸ್‌ನ್ನು ಒದಗಿಸುವ ಹೊಣೆ ರಜೆ ಕೇಳಿದವಳಿಂದ ಆಡಳಿತದ ಹೆಗಲಿಗೆ ದಾಟಿತು.

ಭಾರತದ ಖಾಸಗಿ ಆಸ್ಪತ್ರೆಗಳಲ್ಲಿ ರಜೆಯ ಜೊತೆಗೆ ಇನ್ನೊಂದು ಗಂಟು ಇತ್ತು, ಬಾಂಡ್. ಇಂತಿಷ್ಟು ವರ್ಷ ಬಿಟ್ಟು ಹೋಗುವಂತಿಲ್ಲವೆಂದು ಬರೆಸಿಕೊಂಡು ಮೂಲ ಸರ್ಟಿಫಿಕೇಟುಗಳನ್ನು ಇಟ್ಟುಕೊಳ್ಳುವ ರೂಢಿ. ಸರ್ಟಿಫಿಕೇಟು ಆಡಳಿತದ ಬೀರುವಿನಲ್ಲಿರುವಾಗ ರಜೆ ಯಾಕೆ ಕೊಡಲಿಲ್ಲವೆಂದು ಕೇಳುವ ಧೈರ್ಯ ಯಾರಿಗೆ? 2011 ಮತ್ತು 2012ರಲ್ಲಿ ಮುಂಬೈ, ದೆಹಲಿ, ಕೇರಳದ ಆಸ್ಪತ್ರೆಗಳಲ್ಲಿ ಒಂದರ ಹಿಂದೊಂದು ಮುಷ್ಕರ ನಡೆದಾಗ ಸಂಬಳದ ಜೊತೆ ಬಾಂಡ್ ಮತ್ತು ಡ್ಯೂಟಿ ಗಂಟೆಗಳೂ ಬೇಡಿಕೆಯ ಪಟ್ಟಿಯಲ್ಲಿದ್ದವು. ಟಿಎನ್‌ಎಐ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2016ರ ಜನವರಿ 29ರಂದು ಸಮಿತಿ ರಚಿಸಲು ಹೇಳಿತು. ಆ ಸಮಿತಿ ಸಣ್ಣ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಾಗಬಾರದೆಂದು ಹೇಳಿದ್ದು ಎಲ್ಲ ಪತ್ರಿಕೆಗಳಲ್ಲೂ ಬಂತು. ರಜೆ, ಕೆಲಸದ ಗಂಟೆ, ವಸತಿ ಎಲ್ಲವೂ ಆಯಾ ರಾಜ್ಯದ ಸರ್ಕಾರಿ ನರ್ಸ್‌ಗಳಿಗೆ ಸಮನಾಗಿರಬೇಕೆಂಬ ಅದರ ಇನ್ನೊಂದು ಮಾತಿಗೆ ಅಷ್ಟು ಪ್ರಚಾರ ಸಿಗಲಿಲ್ಲ. ಸಮನಾಗುವುದು ಹಾಗಿರಲಿ, ಒಂದೇ ಸರ್ಕಾರಿ ವಾರ್ಡಿನಲ್ಲಿ ಕಾಯಂ, ಗುತ್ತಿಗೆ, ಹೊರಗುತ್ತಿಗೆ ಎಂದು ಮೂರು ಬಗೆಯ ನರ್ಸ್‌ಗಳು ಒಂದೇ ಚಾರ್ಟಿನಡಿ ದುಡಿಯುತ್ತಾರೆ. ಯೂನಿಫಾರ್ಮ್ ಒಂದೇ, ರಜೆಯ ನಿಯಮ ಬೇರೆ ಬೇರೆ.

ಕೊರೊನಾ ಬಂದಾಗ ಎಲ್ಲೆಡೆ ರಜೆ ರದ್ದಾಯಿತು. ಬ್ರಿಟನ್ 2020ರ ಮಾರ್ಚಿನಲ್ಲೇ ಕಾನೂನು ತಿದ್ದಿ, ತೆಗೆದುಕೊಳ್ಳಲಾಗದ ರಜೆಯಲ್ಲಿ ನಾಲ್ಕು ವಾರವನ್ನು ಮುಂದಿನ ಎರಡು ವರ್ಷಕ್ಕೆ ಒಯ್ಯಲು ಬಿಟ್ಟಿತು. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಹೊಸ ನರ್ಸ್‌ಗೂ ವರ್ಷಕ್ಕೆ 27 ದಿನ, ಹತ್ತು ವರ್ಷ ಕಳೆದವರಿಗೆ 33 ದಿನ ರಜೆ ಇರುವುದರಿಂದ ಅದು ಸಣ್ಣ ಮೊತ್ತವಲ್ಲ. ಇಲ್ಲಿ 2020ರ ಮೇ ತಿಂಗಳಲ್ಲಿ ಕೋಲ್ಕತ್ತದ ಖಾಸಗಿ ಆಸ್ಪತ್ರೆಗಳ 185 ನರ್ಸ್‌ಗಳು ಕೆಲಸ ಬಿಟ್ಟು ಬಸ್ಸು ಹತ್ತಿ ತಮ್ಮ ರಾಜ್ಯ ಮಣಿಪುರಕ್ಕೆ ಹೊರಟುಹೋದರು. ಬೇರೆ ರಾಜ್ಯಗಳ ನರ್ಸ್‌ಗಳೂ ಅವರ ಹಿಂದೆಯೇ ನಡೆದರು. ಆ ಏಪ್ರಿಲ್‌ನಲ್ಲಷ್ಟೇ ವಿಶ್ವ ಆರೋಗ್ಯ ಸಂಸ್ಥೆ ತನ್ನ ವರದಿಯಲ್ಲಿ ಜಗತ್ತಿಗೆ 59 ಲಕ್ಷ ನರ್ಸ್‌ಗಳ ಕೊರತೆಯಿದೆ ಎಂದು ಹೇಳಿತ್ತು.

ಕಳೆದ ಎರಡು ದಶಕಗಳಲ್ಲಿ ನಮ್ಮ ಕಾನೂನಿನಲ್ಲಿ ಹೆಣ್ಣುಮಕ್ಕಳ ರಜೆ ಬೆಳೆಯುತ್ತಲೇ ಬಂದಿದೆ. ಕೇಂದ್ರದ ನೌಕರರಿಗೆ 2008ರಲ್ಲಿ 730 ದಿನಗಳ ಶಿಶುಪಾಲನಾ ರಜೆ ಬಂತು. 2017ರಲ್ಲಿ ಹೆರಿಗೆ ರಜೆ 26 ವಾರಕ್ಕೇರಿತು. ಕರ್ನಾಟಕ ಸರ್ಕಾರ 2021ರಲ್ಲಿ ತನ್ನ ಮಹಿಳಾ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆ ಕೊಟ್ಟಿತು. 2025ರ ಅಕ್ಟೋಬರಿನಲ್ಲಿ ತಿಂಗಳಿಗೊಂದು ದಿನ ಸಂಬಳಸಹಿತ ಮುಟ್ಟಿನ ರಜೆಗೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಹೆಚ್ಚಿನವರು ಹೆಂಗಸರೇ ಆಗಿರುವ ವೃತ್ತಿಗೆ ಇವೆಲ್ಲ ಬಹುಕಾಲದಿಂದ ಬರಬೇಕಿದ್ದ ಸೌಲಭ್ಯಗಳು. ಆದರೆ ಒಂದೊಂದು ರಜೆ ಬಂದಾಗಲೂ ಹುದ್ದೆಗಳ ಲೆಕ್ಕ ಮತ್ತೆ ಆಗಬೇಕು. ಮೇಲೆ ಮಾಡಿದ ಲೆಕ್ಕದಲ್ಲೇ ಮುಟ್ಟಿನ ರಜೆಯ ವರ್ಷಕ್ಕೆ 12 ದಿನವನ್ನು ಕಳೆದರೆ ಒಬ್ಬ ನರ್ಸ್ ಸಿಗುವ ದಿನಗಳು 228ರಿಂದ 216ಕ್ಕೆ ಇಳಿಯುತ್ತವೆ. 1,095ನ್ನು ಅದರಿಂದ ಭಾಗಿಸಿದರೆ ಐದು ದಾಟುತ್ತದೆ. ಶೇ 30ರ ಮೀಸಲು ಮಾತ್ರ ಕೌನ್ಸಿಲ್‌ನ ಮಾನದಂಡದಲ್ಲಿ ಮೊದಲಿದ್ದಲ್ಲೇ ಇದ್ದರೆ, ಹೊಸ ರಜೆಯ ಅರ್ಜಿಗೆ ಸಹಿ ಹಾಕುವ ಸಿಸ್ಟರ್ ಆ ದಿನದ ಡ್ಯೂಟಿಯನ್ನು ಇನ್ನೊಬ್ಬ ನರ್ಸ್‌ನ ಆಫ್‌ನಿಂದಲೇ ತೆಗೆಯಬೇಕಾಗುತ್ತದೆ.